ಕೊಳವೆಯ ಬಾಯಿಗೆ ಒತ್ತಿದ ಬಟ್ಟೆ

ಇದು ನಮ್ಮ ದೊಡ್ಡಪ್ಪನ ಮಗನಿಗೆ ಆದದ್ದು. ಮೆಕ್ಯಾನಿಕ್. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆ ರಾತ್ರಿಯಿಂದೀಚೆಗೆ ನಾಲಿಗೆ ಅಷ್ಟಿಲ್ಲ.

ಅಂದು ಗ್ಯಾರೇಜು ಮುಚ್ಚಿದಾಗ ತುಂಬ ಹೊತ್ತಾಗಿತ್ತು. ಮನೆಗೆ ಹತ್ತಿರದ ದಾರಿ ಹಳೇ ಬಾವಿಯ ಪಕ್ಕದ್ದು. ಬಹಳ ದಿನದಿಂದ ಅವನು ಆ ದಾರಿ ತುಳಿದಿರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದ. ಅಂದು ಸುತ್ತಿನ ದಾರಿಯನ್ನು ಅಗೆದು ಹಾಕಿದ್ದರು.

ಬಾವಿಯ ಪಕ್ಕ ಆ ಹಳೇ ಪಿಕಪ್ ನಿಂತಿತ್ತು. ತರಕಾರಿ ಸಾಗಿಸುತ್ತಿದ್ದ ಡ್ರೈವರನದು. ಅವನು ಸತ್ತಮೇಲೆ ಹೆಂಡತಿ ಎಂಜಿನ್ ಇಳಿಸಿ ಮಾರಿದ್ದಳು. ಉಳಿದದ್ದು ಬರೀ ಮೈ, ಅಡಿಯಲ್ಲಿ ಹೊಗೆ ಕೊಳವೆ.

ಆ ಕೊಳವೆ, ಸೈಲೆನ್ಸರ್ ಎರಡನ್ನೂ ಬದಲಾಯಿಸಿದವನು ಇವನೇ. ತುಕ್ಕು ಹಿಡಿದ ಬೋಲ್ಟೊಂದು ಬಿಚ್ಚುವಾಗ ಮುರಿಯಿತು. ಅದರ ಬದಲು ತಂತಿ ಬಿಗಿದ. ಜೋಡಣೆಯಲ್ಲಿ ಹೊಗೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಹೊಸದು ಇರಲಿಲ್ಲ. "ನಾಳೆ ಬರಲಾ?" ಅಂದ ಡ್ರೈವರ್. "ನಿನ್ನ ಗಾಡಿಯೇನು ಮದುಮಗಳಾ, ಎಲ್ಲ ಹೊಸದೇ ಬೇಕಾ?" ಅಂದ ಇವನು. ಇಬ್ಬರೂ ನಕ್ಕರು. ಹಳೇದನ್ನೇ ಕೂರಿಸಿದ.

ಕೊನೆಗೆ ಒಂದು ಪರೀಕ್ಷೆ ಇದೆ. ಎಂಜಿನ್ ಓಡುವಾಗ ಕೊಳವೆಯ ಬಾಯಿಗೆ ಬಟ್ಟೆ ಒತ್ತಬೇಕು. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ಸುಸ್ ಅನ್ನುತ್ತೆ. ಇವನು ಒತ್ತಲಿಲ್ಲ.

ಆ ವಾರವೇ ಚಳಿಯಲ್ಲಿ, ತರಕಾರಿ ಮಂಡಿಯ ಮುಂದೆ ಗಾಜು ಏರಿಸಿ, ಎಂಜಿನ್ ಓಡುತ್ತಿದ್ದಂತೆಯೇ ಡ್ರೈವರ್ ಮಲಗಿದ. ಏಳಲಿಲ್ಲ. ಹೊಗೆ ಒಳಗೆ ತುಂಬಿತ್ತು. ಜನ "ಕುಡಿದು ಸತ್ತ" ಅಂದರು. ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದವನು ಅವನು. ಅವನ ಮಗಳನ್ನು ಬೀದಿಯ ಹುಡುಗರು ಕುಡುಕನ ಮಗಳು ಅಂತ ಕರೆಯುವುದು ಇವನ ಕಿವಿಗೂ ಬಿತ್ತು. ಇವನು ಬಾಯಿಗೆ ಬೀಗ ಹಾಕಿಕೊಂಡ.

ತಲೆ ತಗ್ಗಿಸಿ ಬಾವಿ ದಾಟುತ್ತಿದ್ದ...

ಕರ್... ಕರ್ರ್... ಡುಗು ಡುಗು ಡುಗು.

ಎಂಜಿನ್ ಇಲ್ಲದ ಗಾಡಿ. ಆದರೂ ಅದೇ ಸದ್ದು. ಓಡಲು ತಿರುಗಿದ.

"ಅಣ್ಣ..." ಕ್ಯಾಬಿನ್ನಿನಿಂದ ಡ್ರೈವರನದೇ ಪಿಸುದನಿ. "ಈಗಲಾದ್ರೂ ಬಟ್ಟೆ ಒತ್ತು."

ಹೆಗಲ ಮೇಲೆ ಕೈ ಒರೆಸುವ ಬಟ್ಟೆ ಇತ್ತು, ಹಳೇ ಚೌಕಳಿ ಅಂಗಿಯ ತುಂಡು. ಮೊಣಕಾಲೂರಿ ಒತ್ತಿದ. ಡುಗುಡುಗು ಕುಗ್ಗಿತು. ಆಮೇಲೆ ಮುಂದಿನ ಜೋಡಣೆಯಿಂದ... ಸುಸ್ಸ್ಸ್.

"ಕೇಳಿಸ್ತಾ?"

"ಕೇಳಿಸ್ತು."

"ನಾನು ಕುಡಿದಿದ್ನಾ?"

"ಇಲ್ಲ ಕಣೋ..."

"ನನಗೆ ಹೇಳಿ ಏನು ಬಂತು?"

ಸದ್ದು ನಿಂತಿತು. ಟಿಣ್... ಟಿಣ್... ಕಾದ ಕಬ್ಬಿಣ ಆರುವ ಸದ್ದು. ಅಷ್ಟೇ.

ಬೆಳಕು ಹರಿಯುವ ಮೊದಲೇ ಅವನು ಡ್ರೈವರನ ಹೆಂಡತಿಯ ಬಾಗಿಲಲ್ಲಿದ್ದ. "ತಂಗಿ, ಅವನು ಕುಡಿದಿರಲಿಲ್ಲ. ಸೋರಿದ್ದು ನಾನು ಕೂರಿಸಿದ ಕೊಳವೆ."

ಅವಳು ಬಾಗಿಲು ಪೂರ್ತಿ ತೆರೆದಳು. "ಅವರು ಕುಡಿಯಲ್ಲ ಅಂತ ನನಗೆ ಗೊತ್ತಿಲ್ವಾ? ಬೀದೀಲಿ ನಿಂತು ಹೇಳು."

ಹಾಲಿನ ಅಂಗಡಿ ಮುಂದೆ ನಿಂತು ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಂದು ತಗ್ಗಿದ ತಲೆ ಇವತ್ತಿಗೂ ಎತ್ತಿಲ್ಲ.

ಅಲ್ಲಿಂದ ನೇರ ನನ್ನನ್ನು ಕರೆದುಕೊಂಡು ಬಾವಿಯ ಹತ್ತಿರ ಹೋದ. ಬಾನೆಟ್ ಎತ್ತಿದೆವು. ಎಂಜಿನ್ ಇದ್ದ ಜಾಗದಲ್ಲಿ ಬೆಕ್ಕು ಮರಿ ಹಾಕಿತ್ತು. ಹಿಂದೆ ಕೊಳವೆಯ ಬಾಯಲ್ಲಿ ಚೌಕಳಿ ಬಟ್ಟೆ ಸಿಕ್ಕಿಕೊಂಡೇ ಇತ್ತು. ಎಳೆದೆ. ಬಟ್ಟೆಯ ತುಂಬ ಹೊಸ ಮಸಿ. ಇನ್ನೂ ಬಿಸಿಯಿತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದನ್ನು ಎಳೆದದ್ದು ಈ ಕೈ.