ಹಿಂದೆ ಕೂತ್ಕೊಳ್ಳಿ ಅಂದಿದ್ದೆ

ಅಲ್ಲಲ್ಲ, ಮುಂದೆ ಬೇಡ ಹಮಾಗುಚಿಸಾನ್... ಹಿಂದೆ ಕೂತ್ಕೊಳ್ಳಿ ಅಂತಲೇ ಹೇಳ್ತಿರೋದು. ಅತಿಥಿ ಅಂದ್ಮೇಲೆ ಹಿಂದೆ, ಕಾಲು ಚಾಚ್ಕೊಂಡು, ಆರಾಮಾಗಿ... ಓ. ಕೂತೇಬಿಟ್ರಾ. ಬೆಲ್ಟೂ ಹಾಕ್ಕೊಂಡ್ರಾ. ಸರಿ ಬಿಡಿ. ಕೂತಾಯ್ತಲ್ಲ.

ಏರ್‌ಪೋರ್ಟಿಗೆ ನಲವತ್ತು ಮೈಲಿ. ನಿಮ್ಮ ವಿಮಾನ ನಾಲ್ಕಕ್ಕೆ, ಈಗಿನ್ನೂ ಒಂದೂವರೆ. ನಿಧಾನಕ್ಕೆ ಹೋಗೋಣ. ಈ ಕಾರನ್ನ ನಾನು ಯಾವಾಗ್ಲೂ ನಿಧಾನಕ್ಕೇ ಓಡ್ಸೋದು. ಆ ಡಬ್ಬಿ ಹುಷಾರು. ನನ್ನ ಹೆಂಡ್ತಿ ಡಾರ್ಲೀನ್ ಕೊಟ್ಟಿದ್ದು, ಕುಂಬಳಕಾಯಿ ಪೈ. ಜಪಾನ್ ಮುಟ್ಟೋಷ್ಟರಲ್ಲಿ ಹಳಸಿಹೋಗುತ್ತೆ ಕಣೇ ಅಂದೆ. "ವಿಮಾನದಲ್ಲೇ ತಿನ್ಲಿ ವರ್ನನ್, ನಮ್ಮನೆಗೆ ಅನ್ನ ಹಾಕಿದ ಮನುಷ್ಯ" ಅಂದ್ಲು.

ಸುಳ್ಳೇನಲ್ಲ. ಎರಡು ವರ್ಷ ನಮ್ಮ ಕಾರ್ ಫ್ಯಾಕ್ಟರಿಗೆ ಬೀಗ. ನಾನು ತರಕಾರಿ ಅಂಗಡೀಲಿ ಸೊಪ್ಪಿನ ಮೇಲೆ ನೀರು ಚಿಮುಕಿಸ್ತಿದ್ದೆ. ನಲವತ್ತೇಳು ವರ್ಷದ ಗಂಡಸು, ಸೊಪ್ಪಿಗೆ ನೀರು! ಆಮೇಲೆ ನಿಮ್ಮ ಕಂಪನಿ ಬಂದು ನಮ್ಮ ಕಂಪನಿಯ ಕೈ ಹಿಡೀತು, ಗೇಟಿನ ಮೇಲೆ ಎರಡು ಬಾವುಟ ಹಾರಿದ್ವು. ನಿಮಗೆ ನಮ್ಮೂರಲ್ಲಿ ಏನಂತ ಹೆಸರಿಟ್ಟಿದ್ರು ಗೊತ್ತಾ... ಬೇಡ ಬಿಡಿ. ಯಾಕೆ ನಗ್ತಿದೀರಿ? ಗೊತ್ತಾ? ಯಾರು ಹೇಳಿದ್ದು?

ಹಾಂ?... ಆ ಶಬ್ದಾನಾ? ಏನಿಲ್ಲ, ರಸ್ತೆ. ಇಂಡಿಯಾನಾ ರಸ್ತೆ, ಹಿಮ ಬಿದ್ದು ಬಿದ್ದು ಎದ್ದುಹೋಗಿದೆ.

ಏನು ಹೇಳ್ತಿದ್ದೆ... ಹಾಂ, ಆ ಹಗ್ಗ. ಮೊದಲ ದಿನ ನೀವು ತಲೆ ಮೇಲೆ ನೇತಾಡ್ತಿದ್ದ ಹಗ್ಗ ತೋರ್ಸಿ, ತಪ್ಪು ಕಂಡ್ರೆ ಎಳೀರಿ, ಕಾರು ಜೋಡಿಸೋ ಲೈನ್ ನಿಲ್ಲುತ್ತೆ ಅಂದ್ರಿ. ನಾವೆಲ್ಲ ಮುಖ ಮುಖ ನೋಡ್ಕೊಂಡ್ವಿ. ಲೈನ್ ನಿಲ್ಸೋದಾ? ನಮ್ಮ ಹಳೇ ಫೋರ್‌ಮನ್ ಪ್ರೂಯಿಟ್ ಇದ್ನಲ್ಲ, "ಯಾರಾದ್ರೂ ಸತ್ರೆ ಬಂದು ಹೇಳಿ, ನಿಲ್ಸೋದೋ ಬೇಡ್ವೋ ಯೋಚ್ನೆ ಮಾಡ್ತೀನಿ" ಅಂತಿದ್ದ. ತಮಾಷೆ ಅಲ್ಲ. ರೋಸ್ಕೋ ಒಂದಿನ ತಲೆ ಸುತ್ತಿ ಬಿದ್ದ. ಅವನನ್ನ ದಾಟ್ಕೊಂಡೇ ಹನ್ನೊಂದು ಕಾರಿಗೆ ಬಾಗಿಲು ಕೂರಿಸಿದ್ವಿ. ಹನ್ನೆರಡನೇದಕ್ಕೆ ಅವನೇ ಎದ್ದು ಬಂದ.

ನೀವು ನೋಡಿದ್ರೆ, ಹಗ್ಗ ಎಳೆದವರ ಹತ್ರ ಓಡಿಬಂದು, ಸೊಂಟ ಬಗ್ಗಿಸಿ ಥ್ಯಾಂಕ್ಸ್ ಅನ್ನೋರು! ಲೋರೆಟಾ ಮೊದಲ ಸಲ ಎಳೆದಾಗ ಹಾಗೆ ಬಗ್ಗಿದ್ರಲ್ಲ, ಪಾಪ, ಅವಳು ಊಟದ ಹೊತ್ತಿಗೆ ತನ್ನ ಲಾಕರ್ ಖಾಲಿ ಮಾಡ್ಕೊಂಡು ಕಣ್ಣೊರೆಸ್ಕೊಂಡು ಹೊರಟಿದ್ಲು. ಮರ್ಯಾದೆಯಿಂದ ಮನೆಗೆ ಕಳಿಸ್ತಿದಾರೆ ಅನ್ಕೊಂಡ್ಲು. ಗೇಟಿನಿಂದ ವಾಪಸ್ ಕರ್ಕೊಂಡು ಬಂದ್ವಿ.

ನಾನಂತೂ ಎಳೀಲಿಲ್ಲ. ಹತ್ತು ತಿಂಗಳು, ಒಂದೇ ಒಂದ್ ಸಲಾನೂ ಇಲ್ಲ! ಸೀಟು ಕೂರಿಸೋ ಜಾಗ, ವರ್ನನ್ ಸ್ಟಕಿ, ತಪ್ಪು ಸೊನ್ನೆ. ಅದಕ್ಕೇ ತಾನೇ ಟೀಮ್ ಲೀಡರ್ ಮಾಡಿ ಅಂತ ನೀವು ನನ್ನ ಹೆಸರು ಬರೆದಿರೋದು? ಆಫೀಸಲ್ಲಿ ಹೇಳಿದ್ರು. ಕಾಗದ ನಿಮ್ಮ ಕೋಟಿನ ಜೇಬಲ್ಲಿದೆ, ಏರ್‌ಪೋರ್ಟಲ್ಲಿ ಸಹಿ ಹಾಕಿ ನನ್ನ ಕೈಗೇ ಕೊಡ್ತೀರಂತೆ... ಯಾಕೆ, ಕೆಳಗೆ ನೋಡ್ತಿದೀರಿ?

ಟಕ್ ಅಂತು. ಹೌದು, ನನಗೂ ಕೇಳಿಸ್ತು. ಡಬ್ಬಿ ಇರಬೇಕು, ಡಬ್ಬಿ. ತೊಡೆ ಮೇಲಿದೆಯಾ... ಹಾಗಾದ್ರೆ ಡಬ್ಬಿ ಅಲ್ಲ.

ಈ ಕಾರಾ? ನಮ್ಮಲ್ಲೇ ಮಾಡಿದ್ದು. ಮಾರ್ಚ್ ತಿಂಗಳದ್ದು. ಡಾರ್ಲೀನ್‌ಗೆ ನೀಲಿ ಬೇಕಿತ್ತು. ನಮ್ಮೂರ ಶೋರೂಮಲ್ಲೇ ಇತ್ತು ನೀಲಿ, ಅದೇ ಬೆಲೆ. ನಾನು ತೊಂಬತ್ತು ಮೈಲಿ ಹೋಗಿ ಈ ಕಂದು ಬಣ್ಣದ್ದು ತಂದೆ. ಯಾಕೆ ಅಂದ್ರೆ... ಕಂದು ಬಣ್ಣದಲ್ಲಿ ಕೊಳೆ ಕಾಣಲ್ಲ. ಅವಳು ಒಂದು ವಾರ ಮಾತು ಬಿಟ್ಟಿದ್ಲು. ಈಗಲೂ ಹಿಂದಿನ ಸೀಟಲ್ಲೇ ಕೂರೋದು. ಸಿಟ್ಟಿಗಲ್ಲ. ಹಿಂದೆ ಕೂರೋದು ಅವಳಿಗೆ ಇಷ್ಟ. ಇಲ್ಲ... ಇಷ್ಟ ಏನಲ್ಲ, ನಾನೇ ಕೂರಿಸ್ತೀನಿ. ಚರ್ಚಿಗೆ ಹೋದ್ರೆ ಪಾದ್ರಿ ಕೇಳ್ತಾರೆ, ಏನಪ್ಪಾ ಇನ್ನೂ ಜಗಳ ಮುಗೀಲಿಲ್ವಾ ಅಂತ.

ಸೀಟಿನ ಕೆಳಗೆ ಯಾಕೆ ಕೈ ಹಾಕ್ತಿದೀರಿ? ಅಲ್ಲೇನೂ ಇಲ್ಲ. ಕೋಟು ಕೊಳೆ ಆಗುತ್ತೆ, ಹಮಾಗುಚಿಸಾನ್... ಏನಾದ್ರೂ ಮಾತಾಡಿ. ಬೈದ್ರೂ ಪರವಾಗಿಲ್ಲ. ಪ್ರೂಯಿಟ್ ಆಗಿದ್ರೆ ಇಷ್ಟೊತ್ತಿಗೆ ನನ್ನ ಅಮ್ಮ ಅಜ್ಜಿ ಎಲ್ಲರನ್ನೂ ಎಳೆದು ತಂದಿರ್ತಿದ್ದ. ಅದು ನನಗೆ ಅಭ್ಯಾಸ. ಹೀಗೆ ರಸ್ತೆ ನೋಡ್ಕೊಂಡು ಕೂತ್ರೆ ನಾನೇನು ಮಾಡ್ಲಿ?

ಕೈ ಯಾಕೆ ಮೇಲೆ ಎತ್ತಿದ್ರಿ? ಅದು ಬಾಗಿಲ ಮೇಲಿನ ಹಿಡಿ, ಹಿಡ್ಕೊಳ್ಳೋಕೆ ಅಷ್ಟೇ... ಎಳೆದ್ರಾ?

ಎಳೆದ್ರಿ.

ಸರಿ. ಸರಿ, ನಿಲ್ಲಿಸ್ತೀನಿ. ಇಗೋ, ಪಕ್ಕಕ್ಕೆ ತಗೊಂಡೆ. ನಿಲ್ತು.

ನೀವು ಕೂತಿರೋ ಸೀಟಿಂದೇ. ಬಾಗಿಲ ಕಡೆ, ಹಿಂದಿನ ಬೋಲ್ಟು. ಮಾರ್ಚ್ ಒಂಬತ್ತು, ಊಟಕ್ಕೆ ಹತ್ತು ನಿಮಿಷ ಬಾಕಿ ಇತ್ತು. ಸೊಟ್ಟಗೆ ಇಳೀತು, ಕಚ್ಚಲಿಲ್ಲ. ಹಗ್ಗ ತಲೆಯಿಂದ ಒಂದು ಗೇಣು ಮೇಲೆ. ಕೈ ಎತ್ತಿದೆ, ಹಮಾಗುಚಿಸಾನ್, ದೇವರಾಣೆ ಎತ್ತಿದೆ. ಎತ್ತಿ, ಟೋಪಿ ಸರಿ ಮಾಡ್ಕೊಂಡೆ. ಮತ್ತೆ ಸೊಪ್ಪಿಗೆ ನೀರು ಹಾಕೋಕೆ ಹೋಗಬೇಕಲ್ಲ ಅಂತ ಭಯ ಆಯ್ತು. ಕಾರು ಮುಂದೆ ಹೋಯ್ತು. ನಂಬರ್ ಅಂಗೈ ಮೇಲೆ ಬರ್ಕೊಂಡೆ. ಯಾರದೋ ಹೆಂಡ್ತಿ, ಯಾರದೋ ಮಗು ಈ ಸೀಟಲ್ಲಿ ಕೂರುತ್ತಲ್ಲ... ಮೂರು ವಾರ ಕಣ್ಣು ಮುಚ್ಚಲಿಲ್ಲ. ಹುಡುಕಿ ಹುಡುಕಿ ನಾನೇ ಕೊಂಡ್ಕೊಂಡೆ. ನಾನೇ ಬಿಗಿ ಮಾಡೋಣ ಅಂದ್ರೆ ಬೋಲ್ಟಿನ ತೂತೇ ಕೆಟ್ಟಿದೆ; ರಿಪೇರಿಗೆ ಕೊಟ್ರೆ ಅವರು ಬರೀತಾರೆ, ಬರೆದಿದ್ದು ನಿಮ್ಮ ಮೇಜಿಗೆ ಬರುತ್ತೆ. ನುಂಗೋಕೂ ಆಗದ ಉಗುಳೋಕೂ ಆಗದ ಬಿಸಿತುಪ್ಪ. ಇವತ್ತೂ ನೀವು ಸೀಟಿನ ಮಾತೇ ಎತ್ತಲಿಲ್ಲ, ನಾನೇ ಕುಂಬಳಕಾಯಿ ಕಳ್ಳನ ಹಾಗೆ ದಾರಿಯುದ್ದಕ್ಕೂ ಹೆಗಲು ಮುಟ್ಕೊಂಡು ಬಂದೆ.

ಡಬ್ಬಿ ಯಾಕೆ ಪಕ್ಕಕ್ಕೆ ಇಟ್ರಿ? ಬೆಲ್ಟ್ ಯಾಕೆ ಬಿಚ್ತಿದೀರಿ?... ನನ್ನ ಕಡೆ ತಿರುಗಿ... ಅಯ್ಯಯ್ಯೋ, ಬಗ್ಗಬೇಡಿ, ಜಾಗ ಇಲ್ಲ, ಹಣೆ ತಗಲುತ್ತೆ...

ಇದು ಆ ಥ್ಯಾಂಕ್ಸಾ? ಇಲ್ಲಾ ಲೋರೆಟಾ ಅನ್ಕೊಂಡಿದ್ಲಲ್ಲ, ಅದಾ? ತಲೆ ಎತ್ತಿ, ಹಮಾಗುಚಿಸಾನ್. ಸೋಮವಾರ ನಾನು ಕೆಲಸಕ್ಕೆ ಬರಬೇಕೋ, ಬೇಡ್ವೋ?