ನನ್ನ ಹೆಸರಿನ ಕುಪ್ಪಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಡಾಕ್ಟರ್ ಮುರಳಿಕೃಷ್ಣರೇ, ಊಟದ ಹೊತ್ತಾದರೂ ಕದಲದೆ ಕುಳಿತಿರುವ ಸಭಿಕರೇ,

ನಾನು ಅಜ್ಜಾವರದ ಶೀಲಾವತಿ, ದಿವಂಗತ ದುಗ್ಗಪ್ಪ ಗೌಡರ ಹೆಂಡತಿ. ಓದಿದ್ದು ಹತ್ತನೆಯ ತರಗತಿ. ಹದಿನಾಲ್ಕು ವರ್ಷಗಳಿಂದ ನಮ್ಮೂರಿನ ಹಾಲಿನ ಸೊಸೈಟಿಗೆ ಅಧ್ಯಕ್ಷೆ. ನೀರು ಬೆರೆಸಿದ ಹಾಲನ್ನು ಕ್ಯಾನಿನ ಮುಚ್ಚಳ ತೆಗೆಯುವಾಗಲೇ ಹಿಡಿಯುತ್ತೇನೆ ಎಂದು ಜನ ಹೇಳುತ್ತಾರೆ. ಸುಳ್ಳಲ್ಲ.

ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ನನಗೇಕೆ ಶಾಲು? ಮಂಡಿಯ ಆಪರೇಶನ್ನಿಗೆ ಮೊದಲು ರಕ್ತ ನೋಡಿ, ಆಮೇಲೆ ಯಾರಿಗೆ ಎಷ್ಟು ನೋವಾಗಬಹುದು ಎಂದು ತಿಳಿಯುವ ಸಂಶೋಧನೆಯನ್ನು ನಮ್ಮ ಡಾಕ್ಟರು ಮಾಡುತ್ತಿದ್ದಾರೆ. ಮೈಯೊಳಗೆ ಉರಿಯೂತವಿದ್ದರೆ ರಕ್ತದಲ್ಲಿ ಅದರ ಗುರುತು ಇರುತ್ತದಂತೆ. ನನ್ನ ಹೆಸರಿನ ಕುಪ್ಪಿ ‘ಅತಿ ಹೆಚ್ಚು ನೋವು’ ಎಂದಿತು. ಆಪರೇಶನ್ ಆದ ಮೇಲೆ ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದಾಗ ನಾನು ಎರಡು ಎಂದೆ. ಅದಕ್ಕೇ ಹಿಂದಿನ ಬ್ಯಾನರಿನಲ್ಲಿ ‘ನೋವನ್ನು ಗೆದ್ದ ತಾಯಿ’ ಎಂದು ಬರೆಸಿದ್ದೀರಿ.

ಆದರೆ ಆ ಕುಪ್ಪಿಯ ಸಂಗತಿ ಹೇಳಬೇಕು. ಸೂಜಿ ನನಗೆ ಆಗುವುದಿಲ್ಲ. ಹೆದರಿಕೆಯಲ್ಲ, ಆಗುವುದಿಲ್ಲ. ಆಪರೇಶನ್ನಿಗೆ ತಪ್ಪಿಸಲಾಗದ ಸೂಜಿಯೇ ಸಾಕು, ಸಂಶೋಧನೆಗೂ ಬೇಡ ಎಂದುಕೊಂಡೆ. ಸೊಸೆ ಮೋಕ್ಷಿತಾ ಮದುವೆಗೆ ಮೊದಲು ಕಬಕದಲ್ಲಿ ಲ್ಯಾಬ್ ಕೆಲಸಕ್ಕಿದ್ದವಳು. ಹಾಗಾಗಿ ಸಂಶೋಧನೆಯ ಕುಪ್ಪಿಯನ್ನು ಮನೆಯಲ್ಲೇ ತುಂಬಿಸಿ ಕಳುಹಿಸಲು ಅವಳ ಕೈಗೆ ಕೊಟ್ಟಿದ್ದರು.

“ನಿನ್ನದೇ ತೆಗ್ದು ಕಳ್ಸು,” ಎಂದೆ.

“ಅತ್ತೆ, ಅದು ನಿಮ್ಮದೇ ಆಗ್ಬೇಕಲ್ಲ?”

“ಮನೆ ತುಂಬಿಸಿಕೊಂಡ ಮೇಲೆ ನಿನ್ನ ರಕ್ತ ಬೇರೆ, ನಮ್ಮದು ಬೇರೆ ಉಂಟಾ?”

ಅವಳು ನಗಲಿಲ್ಲ. ರಬ್ಬರ್ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ತನ್ನ ತೋಳಿನಿಂದ ತಾನೇ ರಕ್ತ ತೆಗೆದಳು. ಕುಪ್ಪಿಯ ಮೇಲೆ ನನ್ನ ಹೆಸರು ಬರೆದಳು.

ರಕ್ತ ಪರೀಕ್ಷೆಯ ಚೀಟಿ ಬಂದಾಗ ನಾನು ಅದನ್ನು ನನ್ನದೆಂದೇ ಓದಿದೆ. ಹೆಸರು ನನ್ನದಿದ್ದ ಮೇಲೆ ನೋವೂ ನನಗೇ ಬರಬೇಕಲ್ಲವೇ? ಆಪರೇಶನ್ ಆಯಿತು. ನರ್ಸ್ ಅನ್ಸಿ ನೋವಿಗೆ ಗಟ್ಟಿ ಮದ್ದು ಸಿದ್ಧ ಮಾಡಿಟ್ಟು ಕಾದಳು. ನಾನೂ ಕಾದೆ. ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಬರಲಿಲ್ಲ. ಬರುತ್ತದೆ ಎಂದು ಬರೆದಾಗಿತ್ತು, ಬರಲಿಲ್ಲ.

ಮೂರನೆಯ ಮಧ್ಯಾಹ್ನ ನರಳುವ ಸದ್ದು ಕೇಳಿತು. ಬಂತು ಎಂದುಕೊಂಡೆ. ಬಾಯಿ ಮುಟ್ಟಿ ನೋಡಿದೆ. ನನ್ನ ಬಾಯಿ ಮುಚ್ಚಿತ್ತು.

ಕೋಣೆಯಲ್ಲಿದ್ದದ್ದು ನಾವಿಬ್ಬರೇ. ಮೋಕ್ಷಿತಾ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಮುಖದಲ್ಲಿ ಎಂದಿನ ನಗು.

“ಎಂತ ಅದು ಸದ್ದು?”

“ಯಾವ ಸದ್ದು ಅತ್ತೆ? ಎಂತ ಇಲ್ಲ. ಗಂಜಿ ಆರ್ತದೆ, ಕುಡೀರಿ.”

ಸದ್ದು ನಿಂತಿರಲಿಲ್ಲ. ಅದು ಅವಳೊಳಗಿನಿಂದಲೇ ಬರುತ್ತಿತ್ತು. ಅವಳಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಚೀಟಿಯನ್ನು ನನ್ನ ಹಾಸಿಗೆಗೆ ಕಟ್ಟಿದ್ದರು; ನೋವು ಹಾಸಿಗೆಯ ಪಕ್ಕದಲ್ಲಿ ನಿಂತಿತ್ತು.

ಸಭಿಕರೇ, ಮೂರು ವರ್ಷದ ಹಿಂದೆ ಅವಳಿಗೆ ಹೊಟ್ಟೆ ಕೊಯ್ದು ಹೆರಿಗೆಯಾಯಿತು. ಹೊಲಿಗೆಯ ಒಳಗೆ ನೋಯುತ್ತದೆ ಎಂದಳು. “ನಾನು ಐದು ಹೆತ್ತವಳು. ಹೆತ್ತ ಹದಿನಾರನೇ ದಿನಕ್ಕೆ ಹಟ್ಟಿಗೆ ಇಳಿದು ಹಾಲು ಕರ್ದವಳು. ನಿನ್ನದೆಂತ ಮಾರಾಯ್ತಿ, ಊರಿಗಿಲ್ಲದ ನೋವು?” ಎಂದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ. ಹೇಳಿ ಸರಿ ಮಾಡಿದೆ ಎಂದು ನಾನು ತಿಳಿದಿದ್ದೆ. ಹಾಲಿನೊಳಗಿನ ನೀರು ಕಾಣುವ ಕಣ್ಣಿಗೆ ಇದೇಕೆ ಕಾಣಲಿಲ್ಲ? ಬಾಯಿ ಮುಚ್ಚಿಸಬಹುದು, ರಕ್ತದ ಬಾಯಿ ಮುಚ್ಚಿಸಲು ಯಾರಿಂದ ಸಾಧ್ಯ?

ಡಾಕ್ಟರರಿಗೆ ನಿಜ ಹೇಳಿದ್ದೇನೆ. ಸಂಶೋಧನೆಯ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿಸಿದ್ದೇನೆ. ಬ್ಯಾನರು ಮೊದಲೇ ಅಚ್ಚಾಗಿತ್ತಂತೆ, ಅದಕ್ಕೆ ನಾನು ಹೊಣೆಯಲ್ಲ. ಶಾಲನ್ನು ನಾನು ಹೊದೆಯುವುದಿಲ್ಲ. ಮೋಕ್ಷಿತಾಳಿಗೆ ಸ್ಕ್ಯಾನ್ ಮಾಡಿ ನೋಡಿದಾಗ ಹಳೆಯ ಹೊಲಿಗೆಯ ಒಳಗೆ ಕರುಳು ಅಂಟಿ ಹಿಡಿದು ಉರಿಯೂತವಾಗಿತ್ತು. ನಿನ್ನೆ ಬೆಳಿಗ್ಗೆ ಇದೇ ಆಸ್ಪತ್ರೆಯಲ್ಲಿ ಅದರ ಆಪರೇಶನ್ ಆಯಿತು. ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಿದಳು.

ಇವತ್ತು ಅನ್ಸಿ ಬಂದು, “ಹತ್ತರಲ್ಲಿ ಎಷ್ಟು?” ಎಂದು ಕೇಳಿದಳು. ಮೋಕ್ಷಿತಾ ಮೊದಲು ನನ್ನ ಮುಖ ನೋಡಿದಳು. ಆಮೇಲೆ, “ಎರಡು” ಎಂದಳು.

ನಾನು ಊರುಗೋಲು ತೆಗೆದುಕೊಂಡೆ. “ನಾನು ಹೋದ ಮೇಲೆ ಇನ್ನೊಮ್ಮೆ ಕೇಳು, ಅವಳು ಹೇಳಿದ್ದನ್ನೇ ಬರಿ,” ಎಂದು ಅನ್ಸಿಗೆ ಹೇಳಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನಾನೀಗ ನಿಮ್ಮ ಮುಂದೆ ನಿಂತಿರುವುದು ಅವಳ ಮುಂದೆ ಇರಬಾರದೆಂದೇ, ಸನ್ಮಾನಕ್ಕಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ನಮಸ್ಕಾರ.