ಆನೆಗೆ ಹೆದರದ ನಾಯಿ

ನಗಬೇಡಿ ಬಾವ, ದವಡೆ ನೋಯುತ್ತೆ. ಡಾಕ್ಟರು ಹಲ್ಲಿಗೆಲ್ಲ ತಂತಿ ಕಟ್ಟಿ ಬಾಯಿ ಬಿಗಿದಿರೋದು ನೀವು ನಗಲಿ ಅಂತಲ್ಲ. ನಾನು ಹೇಳ್ತಿರೋದು ನಿಜ, ಆನೆಗೆ ನೆಗೆಯೋಕೆ ಬರಲ್ಲ. ಅಷ್ಟು ದೊಡ್ಡ ಪ್ರಾಣಿ, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡೋಕಾಗಲ್ಲ. ಜೇನುಹುಳದ ಸದ್ದು ಕೇಳಿದ್ರೆ ಸಾಕು, ದೂರ ಸರಿಯುತ್ತೆ. ನಾನು ಮೊಬೈಲಲ್ಲಿ ವಿಡಿಯೋ ಹಾಕೋ ಮುಂಚೆ ಇದೆಲ್ಲ ಈ ಹಾರಂಗಿ ಸುತ್ತಮುತ್ತ ಯಾರಿಗೆ ಗೊತ್ತಿತ್ತು? ಈಗ ಕಕ್ಕಬೆ ಹೋಂಸ್ಟೇಯವರು ಫೋನ್ ಮಾಡ್ತಾರೆ, ತೇಜಸಣ್ಣ, ನಮ್ಮ ಗೆಸ್ಟುಗಳ ಹತ್ರ ಸ್ವಲ್ಪ ಮಾತಾಡ್ತೀರಾ ಅಂತ. ಅಣ್ಣ ಅಂತಾರೆ, ನನ್ನನ್ನ.

ಸರಿ ಸರಿ, ಹಾಗೆ ನೋಡಬೇಡಿ. ವಿಷಯಕ್ಕೆ ಬರ್ತೀನಿ.

ಭಾನುವಾರ ಯುವಕ ಸಂಘದವರು ನನಗೆ ಸನ್ಮಾನ ಇಟ್ಕೊಂಡಿದಾರೆ. ಬಸ್‌ಸ್ಟ್ಯಾಂಡಲ್ಲಿ ಫ್ಲೆಕ್ಸ್ ಕಟ್ಟಿ ಆಯ್ತು. ಮುಂದೆ ನಾನು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು. ಹಿಂದೆ ಒಂದು ಆನೆ. ಕಿವಿ ನೋಡಿದ್ರೆ ಗೊತ್ತಾಗುತ್ತೆ, ಆಫ್ರಿಕಾದ್ದು. ಸಂಘದ ಸುದೀಪ್‌ಗೆ ಹೇಳಿದೆ, ಆನೆ ಅಂದ್ರೆ ಆನೆ ಬಿಡೋ ಅಂದ. 'ಬಾವನ ಪ್ರಾಣ ಉಳಿಸಿದ ಧೀರ' ಅಂತ ಬರೆಸಿದಾನೆ. ನಾನು ಬರೆಸಿದ್ದಲ್ಲ ಬಾವ, ಆಣೆ ಮಾಡ್ತೀನಿ.

ನೀವೂ ವೇದಿಕೆ ಮೇಲೆ ಬರಬೇಕು ಅಂತ ಅವರ ಆಸೆ. ಪಾಪ, ಮಾತಾಡೋಕಾಗಲ್ಲ ಅಂತ ಹೇಳಿದೀನಿ. ಸುಮ್ನೆ ಕೂತಿದ್ದು ಒಂದು ಸಲ ತಲೆ ಆಡಿಸಿದ್ರೆ ಮುಗೀತು. ಹೀಗೆ. ಒಂದೇ ಸಲ...

ಆಡಿಸಲ್ವಾ?

ಅಲ್ಲ ಬಾವ, ಆ ದಿನದ್ದು ನಿಮಗೆ ಎಷ್ಟು ನೆನಪಿದೆ? ತಲೆಗೆ ಏಟು ಬಿದ್ದವರಿಗೆ ಎಷ್ಟೋ ಸಲ ಅದರ ಹಿಂದಿನದು ಮುಂದಿನದು ಅಳಿಸಿಹೋಗುತ್ತಂತೆ. ಅದಕ್ಕೂ ಒಂದು ವಿಡಿಯೋ ಮಾಡಿದೀನಿ. ನೀವು ಅಕ್ಕನಿಗೆ ಕೈಸನ್ನೆಯಲ್ಲಿ ನೀರು ಕೇಳಿದ್ರಿ, ಮಾತ್ರೆ ಕೇಳಿದ್ರಿ, ಆ ದಿನದ ಬಗ್ಗೆ ಬರೆದೂ ಏನೂ ತಿಳಿಸಿಲ್ಲ. ಅದಕ್ಕೇ ಅಂದ್ಕೊಂಡೆ, ನೆನಪಿಲ್ಲ ಅಂತ. ಇಲ್ಲ ತಾನೇ?

ಹಾಗಾದ್ರೆ ಕೇಳಿ, ಊರಿಗೆಲ್ಲ ಹೇಳಿದ್ದನ್ನೇ ಹೇಳ್ತೀನಿ. ಎಸ್ಟೇಟಿನ ಆಳು-ಲೆಕ್ಕ ನೋಡೋ ರೈಟರ್ ನೀವು, ಆಳುಗಳನ್ನ ಮೇಲಿನ ತೋಟಕ್ಕೆ ಕಾಫಿ ಪಿಕಿಂಗಿಗೆ ಕಳಿಸಿ ಕೆರೆ ಹತ್ರ ಪಂಪು ನೋಡ್ತಾ ಒಬ್ಬರೇ ಇದ್ರಿ. ಅಕ್ಕ ಕೊಟ್ಟ ಬುತ್ತಿ ತಗೊಂಡು ನಾನು ಬಂದೆ. ಆನೆ ತಾನಾಗೇ ಬಂತು. ಸೊಂಡಿಲಲ್ಲಿ ನಿಮ್ಮನ್ನ ಎಸೀತು. ನಾನು ಅಂಗಿ ಬಿಚ್ಚಿ ಬೀಸಿ, ಕೂಗಿ, ಅದನ್ನ ನನ್ನ ಹಿಂದೆ ಓಡಿಸ್ಕೊಂಡು ಹೋದೆ. ಅಷ್ಟೇ ಕತೆ.

ಮಿಂಚುನ ಯಾಕೆ ನೋಡ್ತೀರಿ? ನಾಯಿ ಅಲ್ಲಿರಲಿಲ್ಲ ಅಂತ ಎಲ್ಲೂ ಹೇಳಿಲ್ಲ ನಾನು. ಇತ್ತು ಅಂತಲೂ... ಹೇಳಿಲ್ಲ. ಬೈಕಲ್ಲಿ ಕೂರಿಸ್ಕೊಂಡು ಬಂದಿದ್ದೆ. ನಿಮ್ಮ ಕಾನೂನು ಗೊತ್ತು ಬಾವ, ಪಿಕಿಂಗ್ ಶುರುವಾಗೋ ಮೊದಲು ಆಳುಗಳ ಲೈನುಮನೆ ನಾಯಿಗಳನ್ನೆಲ್ಲ ಕಟ್ಟಿಸ್ತೀರಿ. ನಾಯಿ ಹೋಗಿ ಆನೆನ ಕೆಣಕುತ್ತೆ, ಆನೆ ತಿರುಗಿ ಬಿದ್ರೆ ಸೀದಾ ಯಜಮಾನನ ಹತ್ರ ಓಡಿ ಬರುತ್ತೆ, ಹಿಂದೆ ಆನೆನೂ ಬರುತ್ತೆ. ಈ ಸೀಮೆಯಲ್ಲಿ ಹುಟ್ಟಿದ ಮಗುಗೂ ಗೊತ್ತು. ಆದ್ರೆ ಅದು ಬೀದಿನಾಯಿ ಬುದ್ಧಿ ಅಂದ್ಕೊಂಡಿದ್ದೆ. ಇದು ಮುಧೋಳ. ಬೇಟೆಗೆ ಅಂತಲೇ ಬೆಳೆಸಿದ ತಳಿ, ವಾಸನೆಗಿಂತ ಕಣ್ಣನ್ನ ನಂಬಿ ಅಟ್ಟಿಸ್ಕೊಂಡು ಹೋಗುತ್ತೆ. 'ಆನೆಗೆ ಹೆದರದ ನಾಯಿ'. ವಿಡಿಯೋಗೆ ಹೆಸರು ಮೊದಲೇ ಇಟ್ಟಾಗಿತ್ತು.

ಹೌದು, ಅದರ ಕತ್ತಿನ ಬೆಲ್ಟ್ ಬಿಚ್ಚಿದ್ದು ನಾನೇ. ಏನೀಗ?

ಹೆದರಿತಾ ಅದು? ಇಲ್ವಲ್ಲ. ಆನೆ ಇದ್ದ ಪೊದೆಯೊಳಗೆ ನುಗ್ಗಿತು... ಆಮೇಲೆ ವಾಪಸ್ ಬಂತು. ನನ್ನ ಹತ್ರ. ಯಜಮಾನ ನಾನಲ್ವಾ. ಹಿಂದೆ ಕಾಫಿಗಿಡ ಮುರಿಯೋ ಸದ್ದು. ನಾನು ನಿಮ್ಮ ಕಡೆ ಓಡಿದೆ, ನಿಮ್ಮನ್ನ ಎಚ್ಚರಿಸೋಕೆ. ಎಚ್ಚರಿಸೋಕೇ ಬಾವ. ಕೂಗಿದೆನಲ್ಲ. ಕೂಗಲಿಲ್ವಾ? ಬಾಯಿ ಒಣಗಿತ್ತು... ಕೂಗಿದ ಹಾಗೇ ನೆನಪು.

ಆನೆ ಬರೀ ಕಿವಿಯಲ್ಲಿ ಕೇಳೋದಲ್ಲ, ಗೊತ್ತಾ? ಪಾದದಲ್ಲೂ ಕೇಳುತ್ತೆ. ನೆಲ ಅದುರಿದ್ದು ಪಾದದಿಂದ ಮೂಳೆಗೆ, ಮೂಳೆಯಿಂದ ಕಿವಿಗೆ ಹೋಗುತ್ತೆ. ಅಷ್ಟು ಸೂಕ್ಷ್ಮ. ಅದಕ್ಕೇ ಹೇಳೋದು, ಅಂಥ ಹೊತ್ತಲ್ಲಿ ನೀವು ಅಲ್ಲಾಡದೆ ನಿಲ್ಲಬೇಕಿತ್ತು. ಎರಡೂ ಕೈಯಲ್ಲಿ ಹಾಗೆ ತಗಡಿನ ಬಾಗಿಲು ಬಡಿಯದೆ ಇದ್ದಿದ್ರೆ ಅದು ನಿಮ್ಮ ಕಡೆ ತಿರುಗ್ತಾನೇ...

ಯಾವ ಬಾಗಿಲು ಅಂದ್ರೆ...

ಪಂಪ್‌ಹೌಸಿಂದು.

ಒಳಗಿನ ಚಿಲಕ ತುಕ್ಕು ಹಿಡಿದಿತ್ತು ಬಾವ. ಹಾಕುವಾಗ ಸಲೀಸಾಗಿ ಬಿತ್ತು. ತೆಗೆಯೋಕೆ... ಕೈ ಅದರ ಮೇಲೇ ಇತ್ತು. 'ತೇಜು, ತೆಗಿಯೋ' ಅಂದ್ರಿ. ಹೊರಗಿಂದ ನನ್ನ ಹೆಸರು ಹಿಡಿದು ಕೂಗಿದ್ರಿ. ಆಮೇಲೆ ಬಡಿಯೋದು ನಿಂತುಹೋಯ್ತು.

ತಗಡಿನ ತೂತಿಂದ ನೋಡಿದೆ. ನೀವು ಮೆಟ್ಟಿಲ ಮೇಲೆ ಮುಖ ಕೆಳಗಾಗಿ ಬಿದ್ದಿದ್ರಿ. ಮಿಂಚು ನಿಮಗೂ ಆನೆಗೂ ನಡುವೆ ನಿಂತು ಬೊಗಳ್ತಿತ್ತು. ಎರಡನೇ ಸಲ ಅದು ನನ್ನ ಹತ್ರ ಬರಲಿಲ್ಲ. ಬಿದಿರುಮೆಳೆ ಕಡೆ ಓಡ್ತು, ಆನೆ ಅದರ ಹಿಂದೆ ಹೋಯ್ತು. ಸದ್ದೆಲ್ಲ ಅಡಗಿದ ಮೇಲೆ ನಾನು ಆಚೆ ಬಂದೆ. ಬಂದು... ಅಂಗಿ ಬಿಚ್ಚಿದೆ. ಆಳುಗಳು ಇಳಿದು ಬರೋದು ಕಾಣಿಸ್ತಿತ್ತು.

ಅವತ್ತೇ ಈ ನಾಯಿ ನಿಮ್ಮ ಮನೆ ಸೇರಿತು. ಬಿಸ್ಕೆಟ್ ಹಿಡಿದ್ರೂ ನಿಮ್ಮ ಕುರ್ಚಿ ಕೆಳಗಿಂದ ಏಳಲ್ಲ. ಮನುಷ್ಯ ಹೆದರಿದ್ರೆ ಅವನ ಬೆವರಲ್ಲೇ ನಾಯಿಗೆ ಗೊತ್ತಾಗುತ್ತಂತೆ. ಅದರ ಬಗ್ಗೆ ವಿಡಿಯೋ ಮಾಡಿಲ್ಲ ನಾನು.

ಬಾವ, ಅಕ್ಕನಿಗೆ ಮಾತ್ರ ಹೇಳಬೇಡಿ. ನಿಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದ ದಿನ ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಇದೇ ಕೈ. ತಂತಿ ಬಿಚ್ಚೋಕೆ ಇನ್ನೂ ಟೈಮಿದೆ, ನೀವು ನಿಧಾನವಾಗಿ ಯೋಚನೆ ಮಾಡಿ, ನಾನು ಆಮೇಲೆ...

ಬಾ ಕಾವ್ಯಕ್ಕ. ಏನಿಲ್ಲ, ಬಾವಂಗೆ ಆನೆ ವಿಷಯ ಹೇಳ್ತಿದ್ದೆ. ಅಕ್ಕಿರೊಟ್ಟಿನಾ? ನನಗೆ ಬೇಡಕ್ಕ, ಹಸಿವಿಲ್ಲ. ಅಯ್ಯೋ, ಅವರ ಮುಂದೆ ಯಾಕೆ ಇಡ್ತೀಯ, ಗಂಜಿ ಅಲ್ವಾ ಅವರಿಗೆ?

ಏನಂದೆ?

ತಂತಿ ಮಂಗಳವಾರವೇ ಬಿಚ್ಚಿದ್ರಾ? ನನಗೆ ಯಾರೂ ಹೇಳಲಿಲ್ಲ... ಹೌದು, ನಾನೂ ಈ ಕಡೆ ಬಂದಿರಲಿಲ್ಲ. ಚೆನ್ನಾಗಿ ಮಾತಾಡ್ತಿದಾರಾ. ಒಳ್ಳೇದಾಯ್ತು. ಬೆಳಿಗ್ಗೆ ಏನು ಕೇಳಿದ್ರು ಅಂದೆ? ತೇಜು ಯಾಕೆ ಬಂದಿಲ್ಲ ಅಂತ... ಅಷ್ಟೇನಾ? ಬೇರೆ ಏನೂ ಹೇಳಲಿಲ್ವಾ?

ನೀನು ಹೋಗಕ್ಕ, ಕಾವಲಿ ಮೇಲಿರೋ ರೊಟ್ಟಿ ಸೀಯುತ್ತೆ.

ಬಾವ... ಇಷ್ಟು ಹೊತ್ತೂ ನಿಮಗೆ ಮಾತು ಬರ್ತಿತ್ತು.

ಅಕ್ಕನಿಗೆ ಹೇಳಿಲ್ಲ ನೀವು. ಯಾರಿಗೂ ಹೇಳಿಲ್ಲ. ಕೂತ್ಕೊಂಡು ನನ್ನ ಬಾಯಿ ನೋಡ್ತಿದ್ರಿ.

ಮೊದಲ ತುಂಡು ಮಿಂಚುಗಾ. ಕೊಡಿ. ಅದಕ್ಕೇ ಸಲ್ಲಬೇಕು.

ಭಾನುವಾರ ಬರಬೇಡಿ ಬಾವ. ನಾನೇ ಹೋಗಿ ಸುದೀಪ್‌ಗೆ ಫ್ಲೆಕ್ಸ್ ಇಳಿಸು ಅಂತೀನಿ. ಯಾಕೋ ಅಂತ ಕೇಳಿದ್ರೆ... ಕೇಳೇ ಕೇಳ್ತಾನೆ. ಅಕ್ಕನೂ ಕೇಳ್ತಾಳೆ.

ಹಾಗೆ ಸುಮ್ನೆ ಅಗೀತಾ ಕೂರಬೇಡಿ. ಬಾಯಿ ಬಿಚ್ಚಿದೆಯಲ್ಲ ಈಗ. ಬೈಯಿರಿ ಬಾವ. ಒಂದು ಮಾತು ಬೈದುಬಿಡಿ.